ಅಡಗಿ ಕೂತವನು ಯಾರ ಹತ್ತಿರ ಮಾತಾಡುತ್ತಾನೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವಿಡಿಯೋ ಗೇಮ್‌ಗಳ ಬಗ್ಗೆ ಬಂದ ಬರಹ ಓದಿದೆ. ಗೇಮ್ ಅಂದ ತಕ್ಷಣ ಮಕ್ಕಳ ಕಣ್ಣು ಹಾಳು, ಓದು ಹಾಳು ಅಂತ ಶುರು ಮಾಡದೆ, ಆಟದ ಒಳಗೆ ಏನಿದೆ ಅಂತ ನೋಡಿ ಅರ್ಧ ಪುಟ ಕೊಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್. ಬರಹದಲ್ಲಿ ಬಹುಪಾಲು ನನಗೆ ಒಪ್ಪಿಗೆ. ಆದರೆ ಒಂದು ಮಾತು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಮೊದಲೆಲ್ಲ ಆಟದ ನಾಯಕರು ಬಾಯಿ ಬಿಡುತ್ತಿರಲಿಲ್ಲ, ಧ್ವನಿ ಕೊಡಿಸಲು ಕಂಪನಿಗಳ ಹತ್ತಿರ ದುಡ್ಡಿರಲಿಲ್ಲ, ಈಗ ಎಲ್ಲರೂ ಮಾತಾಡುತ್ತಾರೆ, ಹಾಗಾಗಿ ಆಟಗಳು ಸಿನಿಮಾ ಮಟ್ಟಕ್ಕೆ ಏರಿವೆ ಅಂತ ಲೇಖಕರು ಬರೆದಿದ್ದಾರೆ.

ಬೇರೆ ಆಟಗಳ ಮಟ್ಟಿಗೆ ಇದು ನಿಜ ಇರಬಹುದು. ಜಿಟಿಎ, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯನ್ನೇ ನೋಡಿ. 2001ರಲ್ಲಿ ಬಂದ ಮೂರನೇ ಭಾಗದ ನಾಯಕ ಕ್ಲಾಡ್ ಒಂದಕ್ಷರ ಆಡುವುದಿಲ್ಲ. ಮರುವರ್ಷ ಅದೇ ಸರಣಿಯ ವೈಸ್ ಸಿಟಿ ಬಂತು, ನಾಯಕ ಟಾಮಿ ವರ್ಸೆಟ್ಟಿಗೆ ಹಾಲಿವುಡ್ ನಟ ರೇ ಲಿಯೊಟ್ಟಾ ಧ್ವನಿ ಕೊಟ್ಟರು, ಆಟದ ರಂಗೇ ಬದಲಾಯಿತು. ಟಾಮಿಯ ಬಾಯಿ ಕಟ್ಟಿಹಾಕಿದರೆ ವೈಸ್ ಸಿಟಿ ಅರ್ಧ ಸಪ್ಪೆ. ಅಲ್ಲಿ ಮಾತು ಗೆದ್ದಿತು, ಅದರ ಬಗ್ಗೆ ಜಗಳ ಇಲ್ಲ.

ನನ್ನ ಜಗಳ ಇರುವುದು ಸ್ಟೆಲ್ತ್ ಆಟಗಳ ವಿಷಯದಲ್ಲಿ. ಗೊತ್ತಿಲ್ಲದವರಿಗೆ ಎರಡು ಸಾಲಲ್ಲಿ ಹೇಳುತ್ತೇನೆ. ಎದುರಿಗೆ ಬಂದವರನ್ನೆಲ್ಲ ಹೊಡೆದು ಮುಂದೆ ಹೋಗುವ ಆಟ ಇದಲ್ಲ. ಕತ್ತಲಲ್ಲಿ ಅಡಗಿ, ಕಾವಲುಗಾರ ಬೆನ್ನು ತಿರುಗಿಸುವವರೆಗೆ ಕಾದು, ಸದ್ದಾಗದ ಹಾಗೆ ಹೆಜ್ಜೆ ಇಟ್ಟು, ಬಂದಿದ್ದೂ ಗೊತ್ತಾಗದ ಹಾಗೆ, ಹೋಗಿದ್ದೂ ಗೊತ್ತಾಗದ ಹಾಗೆ ಕೆಲಸ ಮುಗಿಸುವ ಆಟ. ಇಂಥ ಕಡೆ ನಾಯಕ ಮಾತಾಡಬೇಕಾ ಬೇಡವಾ ಅನ್ನುವುದು ದುಡ್ಡಿನ ಪ್ರಶ್ನೆ ಅಂತ ನನಗೆ ಅನ್ನಿಸುವುದಿಲ್ಲ. ಅವನು ಆಡಿದ ಮಾತು ಯಾರ ಕಿವಿಗೆ ಬೀಳುತ್ತೆ ಅಂತ ಮೊದಲು ಕೇಳಬೇಕು.

ದುಡ್ಡಿನ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಈ ಜಾತಿಯ ಆಟಗಳಿಗೆ 1998 ದೊಡ್ಡ ವರ್ಷ. ಆ ಒಂದೇ ವರ್ಷ ಮೆಟಲ್ ಗೇರ್ ಸಾಲಿಡ್, ಥೀಫ್, ಟೆಂಚು, ಕಮಾಂಡೋಸ್ ಎಲ್ಲ ಬಂದವು. ಮೆಟಲ್ ಗೇರ್ ಸಾಲಿಡ್‌ನ ನಾಯಕ ಸ್ನೇಕ್ ಅಂದೇ ವಾಚಾಳಿ. ಥೀಫ್ ಆಟದ ಕಳ್ಳ ಗ್ಯಾರೆಟ್ ಕೂಡ ಮಾತಾಡುತ್ತಿದ್ದ, ಸ್ಟೀಫನ್ ರಸಲ್ ಅನ್ನುವವರ ಧ್ವನಿ. ಅಂದರೆ ಹಳೆಯವರೇ ಮಾತಾಡುತ್ತಿದ್ದರು. ಹದಿನಾಲ್ಕು ವರ್ಷ ಬಿಟ್ಟು 2012ರಲ್ಲಿ ಡಿಸ್‌ಆನರ್ಡ್ ಬಂತು. ಅದರಲ್ಲಿ ಸುಸಾನ್ ಸರಂಡನ್, ಬ್ರಾಡ್ ಡೂರಿಫ್, ಕ್ಲೋಯಿ ಮೊರೆಟ್ಜ್ ಥರದ ನಟನಟಿಯರನ್ನು ಕರೆಸಿ ಮುದುಕಿಗೆ, ವಿಜ್ಞಾನಿಗೆ, ಪುಟ್ಟ ಹುಡುಗಿಗೆ ಎಲ್ಲ ಧ್ವನಿ ಕೊಡಿಸಿದರು. ನಾಯಕ ಕಾರ್ವೋಗೆ ಮಾತ್ರ ಇಲ್ಲ! ಇಷ್ಟು ಜನಕ್ಕೆ ದುಡ್ಡು ಕೊಟ್ಟವರಿಗೆ ಇನ್ನೊಬ್ಬನಿಗೆ ಕೊಡುವುದು ಭಾರವಾಗುತ್ತಿತ್ತಾ? ಬೇಕು ಅಂತಲೇ ಮಾಡಿದ್ದು, ಸಾರ್.

ಯಾಕೆ ಹಾಗೆ ಮಾಡಿದರು ಅಂತ ತಿಳಿಯಬೇಕಾದರೆ ಈ ಆಟಗಳಲ್ಲಿ ಸದ್ದು ಎಷ್ಟು ಮುಖ್ಯ ಅನ್ನುವುದು ಗೊತ್ತಿರಬೇಕು. ಥೀಫ್ ಆಟದಲ್ಲಿ ನೀವು ಯಾವ ನೆಲದ ಮೇಲೆ ಕಾಲಿಡುತ್ತೀರಿ ಅನ್ನುವುದೇ ದೊಡ್ಡ ವಿಷಯ. ರತ್ನಗಂಬಳಿ, ಹುಲ್ಲು ಆದರೆ ಆರಾಮ. ಟೈಲ್ಸ್, ಕಬ್ಬಿಣದ ಹಾಸು ಆದರೆ ಹೆಜ್ಜೆ ಹೆಜ್ಜೆಗೂ ಟಕ್ ಟಕ್ ಅಂತ ಸದ್ದು, ಕಾವಲುಗಾರ ಅಲ್ಲೇ ನಿಂತು ಯಾರದು ಅಂತಾನೆ. ಅದಕ್ಕೇ ಆ ಆಟದಲ್ಲಿ ಪಾಚಿ ಬಾಣ ಅಂತ ಒಂದಿದೆ. ಗಟ್ಟಿ ನೆಲಕ್ಕೆ ಹೊಡೆದರೆ ಅಲ್ಲಿ ಮೆತ್ತಗೆ ಪಾಚಿ ಹರಡುತ್ತೆ, ಅದರ ಮೇಲೆ ನಡೆದರೆ ಸದ್ದಿಲ್ಲ. ಪಂಜು ಆರಿಸಲು ನೀರಿನ ಬಾಣ ಬೇರೆ. 2005ರ ಸ್ಪ್ಲಿಂಟರ್ ಸೆಲ್ ಕೇಯಾಸ್ ಥಿಯರಿಯಲ್ಲಿ ಪರದೆಯ ಮೇಲೇ ಸದ್ದಿನ ಮೀಟರ್ ಇದೆ. ಸುತ್ತಲಿನ ಗದ್ದಲ ಎಷ್ಟು, ನಿನ್ನ ಸದ್ದು ಎಷ್ಟು ಅಂತ ಎರಡನ್ನೂ ತೋರಿಸುತ್ತೆ. ಪಕ್ಕದಲ್ಲಿ ಜನರೇಟರ್ ಓಡುತ್ತಿದ್ದರೆ ನೀವು ಸ್ವಲ್ಪ ಜೋರಾಗಿ ನಡೆದರೂ ನಡೆಯುತ್ತೆ. 2012ರ ಮಾರ್ಕ್ ಆಫ್ ದಿ ನಿಂಜಾ ಇನ್ನೂ ಮುಂದೆ ಹೋಗಿ ಸದ್ದನ್ನು ಕಣ್ಣಿಗೇ ಕಾಣಿಸಿತು. ಓಡಿದರೆ ಕಾಲ ಸುತ್ತ ಉಂಗುರ ಹರಡುತ್ತೆ, ಆ ಉಂಗುರ ಕಾವಲುಗಾರನಿಗೆ ತಾಗಿದರೆ ನಿಮ್ಮ ಕಥೆ ಮುಗಿಯಿತು.

ಈಗ ಯೋಚಿಸಿ. ಕಾಲಿನ ಸದ್ದಿಗೆ ಇಷ್ಟು ಲೆಕ್ಕ ಇಟ್ಟ ಆಟದಲ್ಲಿ ನಾಯಕ ಕಾವಲುಗಾರನ ಬೆನ್ನ ಹಿಂದೆಯೇ ನಿಂತು, ಅಬ್ಬಾ ಈ ಬಾಗಿಲಿಗೆ ಬೀಗ ಹಾಕಿದೆಯಲ್ಲ, ಕೀಲಿ ಎಲ್ಲಾದರೂ ಸಿಗಬಹುದಾ ನೋಡೋಣ ಅಂತ ಗಟ್ಟಿಯಾಗಿ ಹೇಳಿದರೆ ಹೇಗಿರುತ್ತೆ? ಕಾವಲುಗಾರನಿಗೆ ಅದು ಕೇಳುವುದಿಲ್ಲ. ಬೂಟಿನ ಸದ್ದು ಕೇಳುವ ಕಿವಿಗೆ ಬಾಯಿಯ ಸದ್ದು ಕೇಳುವುದಿಲ್ಲ! ಇದು ಆಟಗಾರನಿಗೂ ಆಟಕ್ಕೂ ಇರುವ ಒಪ್ಪಂದ ಅಂತ ಸುಮ್ನೆ ಇರಬಹುದು, ನಾಟಕದಲ್ಲಿ ಪಾತ್ರಧಾರಿ ಪ್ರೇಕ್ಷಕರ ಕಡೆ ತಿರುಗಿ ಸ್ವಗತ ಹೇಳುವಾಗ ಪಕ್ಕದವರು ಕೇಳಿಸದ ಹಾಗೆ ನಿಲ್ಲುವುದಿಲ್ಲವೇ, ಹಾಗೆ. ಆದರೆ ಒಪ್ಪಂದಕ್ಕೂ ಒಂದು ಮಿತಿ ಬೇಕು.

ಇನ್ನೊಂದು ತೊಂದರೆ ಆಡುವವರಿಗೆ ಮಾತ್ರ ಗೊತ್ತಾಗುವಂಥದ್ದು. ಸ್ಟೆಲ್ತ್ ಆಟದಲ್ಲಿ ನಾವು ಕಣ್ಣಿಗಿಂತ ಜಾಸ್ತಿ ಕಿವಿಯಿಂದ ಆಡುತ್ತೇವೆ. ಗೋಡೆಯ ಆಚೆ ಹೆಜ್ಜೆ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಂತ ಹೆಡ್‌ಫೋನ್ ಒತ್ತಿ ಹಿಡಿದು ಕೇಳುತ್ತಿರುತ್ತೇವೆ. ಅದೇ ಹೊತ್ತಿಗೆ ನಮ್ಮವನೇ ಬಾಯಿ ತೆಗೆದರೆ ಆ ಹೆಜ್ಜೆ ಮುಳುಗಿಹೋಗುತ್ತೆ. ಮೇಲಾಗಿ ಇದು ಸೇವ್ ಮಾಡಿ, ಸಿಕ್ಕಿಬಿದ್ದು, ಮತ್ತೆ ಲೋಡ್ ಮಾಡಿ, ಮತ್ತೆ ಸಿಕ್ಕಿಬೀಳುವ ಆಟ. ಒಂದು ಅಂಗಳ ದಾಟಲು ಸಂಜೆಯೆಲ್ಲ ಹೋಗಬಹುದು. ಅಂಗಳದ ಬಾಗಿಲಲ್ಲಿ ನಾಯಕ ಹೇಳುವ ಜೋಕಿಗೆ ಮೊದಲ ಸಲ ನಗು ಬರುತ್ತೆ, ಆಮೇಲೆ ಆಮೇಲೆ ಅವನನ್ನೇ ಕಾವಲುಗಾರರಿಗೆ ಹಿಡಿದುಕೊಡೋಣ ಅನ್ನಿಸುತ್ತೆ. ಸ್ಟಿಕ್ಸ್ ಅಂತ ಒಂದು ಸರಣಿ ಇದೆ, ಹಸಿರು ಮೈಯ ಗಾಬ್ಲಿನ್ ಒಬ್ಬ ನಾಯಕ, ಮಹಾ ಬಾಯಿಬಡುಕ. 2017ರ ಎರಡನೇ ಭಾಗದಲ್ಲಿ ಅದನ್ನು ಮಾಡಿದವರು ಒಂದು ಉಪಾಯ ಮಾಡಿದ್ದಾರೆ. ನೀವು ಸತ್ತ ಮೇಲೆ ಅವನು ಪರದೆಯ ಆಚೆಯಿಂದ ನಿಮ್ಮನ್ನೇ ನೋಡಿ ಹಂಗಿಸುತ್ತಾನೆ. ಸತ್ತ ಮೇಲೆ ಮಾತಾಡಿದರೆ ಯಾವ ಕಾವಲುಗಾರನಿಗೂ ಕೇಳುವ ಭಯ ಇಲ್ಲ. ಬುದ್ಧಿವಂತಿಕೆ ಅಂದರೆ ಅದು. ಹಂಗಿಸಿಕೊಂಡಾಗ ಮೈ ಉರಿಯುತ್ತೆ ಅನ್ನುವುದು ಬೇರೆ ಮಾತು.

ಹಾಗಂತ ಸ್ಟೆಲ್ತ್ ನಾಯಕರೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಅಂತ ನನ್ನ ವಾದ ಅಲ್ಲ. ಚೆನ್ನಾಗಿ ಮಾತಾಡುವವರೂ ಇದ್ದಾರೆ. ಗ್ಯಾರೆಟ್ ಮುಖ್ಯವಾಗಿ ಮಾತಾಡುವುದು ಪ್ರತಿ ಮಿಷನ್ ಶುರುವಾಗುವ ಮೊದಲು. ಯಾರ ಮನೆಗೆ ಕನ್ನ, ಯಾಕೆ, ಬಾಡಿಗೆ ಕಟ್ಟಬೇಕು ಅನ್ನುವ ಚಿಂತೆ, ಸಿರಿವಂತರ ಮೇಲಿನ ಅಸಡ್ಡೆ, ಎಲ್ಲ ಒಣ ಧ್ವನಿಯಲ್ಲಿ ಹೇಳಿ ಮುಗಿಸುತ್ತಾನೆ. ಒಳಗೆ ಹೋದ ಮೇಲೆ ಅಪರೂಪಕ್ಕೆ ಒಂದೆರಡು ಮಾತು, ಅದೂ ತನಗೆ ತಾನೇ ಗೊಣಗಿಕೊಂಡ ಹಾಗೆ. ಅಲ್ಲಿಂದ ಮುಂದೆ ಬಾಯಿ ಕಾವಲುಗಾರರದ್ದು. ಮೊದಲ ಮಿಷನ್ನಿನಲ್ಲೇ, ಲಾರ್ಡ್ ಬ್ಯಾಫರ್ಡ್ ಅನ್ನುವವನ ಬಂಗಲೆಯಲ್ಲಿ, ಇಬ್ಬರು ಕಾವಲುಗಾರರು ಕರಡಿ ಕಾಳಗ ನೋಡಲು ಹೋಗುವ ಬಗ್ಗೆ ಹರಟುತ್ತಾ ನಿಂತಿರುತ್ತಾರೆ. ಆ ಹರಟೆಯಿಂದ ಕಥೆಗೆ ಏನೂ ಆಗಬೇಕಿಲ್ಲ. ಆದರೆ ನೀವು ಕತ್ತಲಲ್ಲಿ ಉಸಿರು ಬಿಗಿಹಿಡಿದು ಅದನ್ನು ಕದ್ದು ಕೇಳುತ್ತೀರಲ್ಲ, ಕಳ್ಳನ ಚರ್ಮದೊಳಗೆ ಹೊಕ್ಕಂತೆ ಅನ್ನಿಸುವುದು ಆಗಲೇ. ಗ್ಯಾರೆಟ್ ಬಾಯಿ ಹಾಕಿದ್ದರೆ ಅದು ಕೆಡುತ್ತಿತ್ತು.

ಮೆಟಲ್ ಗೇರ್ ಸಾಲಿಡ್ ಬೇರೆ ದಾರಿ ಹಿಡಿಯಿತು. ಸ್ನೇಕ್ ರೇಡಿಯೋದಲ್ಲಿ ಮಾತಾಡಲು ಶುರು ಮಾಡಿದರೆ ಆಟವೇ ನಿಂತುಬಿಡುತ್ತೆ. ಎಷ್ಟು ಹೊತ್ತಾದರೂ ಮಾತಾಡಿ, ಅಣುಬಾಂಬಿನ ಬಗ್ಗೆಯೂ ಮಾತಾಡಿ, ಮದುವೆ ಮಕ್ಕಳ ಬಗ್ಗೆಯೂ ಮಾತಾಡಿ, ಕಾವಲುಗಾರ ಇದ್ದಲ್ಲೇ ಇರುತ್ತಾನೆ. ನನಗೆ ಇದು ಸ್ವಲ್ಪ ಅತಿ ಅನ್ನಿಸುತ್ತೆ, ಆದರೆ ನ್ಯಾಯ ತಪ್ಪಿಲ್ಲ. ಸ್ಪ್ಲಿಂಟರ್ ಸೆಲ್‌ನ ನಾಯಕ ಸ್ಯಾಮ್ ಫಿಶರ್ ಹಿಂದಿನಿಂದ ಬಂದು ಒಬ್ಬನ ಕುತ್ತಿಗೆ ಹಿಡಿದು ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಮೈಕಲ್ ಐರನ್‌ಸೈಡ್ ಅವರ ಆ ಗೊಗ್ಗರು ಧ್ವನಿ ಕೇಳುವುದು ಎರಡೇ ಜನಕ್ಕೆ, ಸಿಕ್ಕಿಬಿದ್ದವನಿಗೆ ಮತ್ತು ನಮಗೆ. ಹಿಟ್‌ಮ್ಯಾನ್ ಸರಣಿಯ ಬಾಡಿಗೆ ಹಂತಕ ಏಜೆಂಟ್ 47 ಇವರೆಲ್ಲರ ಗುರು. ಅವನು ಅಡಗುವುದು ಕತ್ತಲಲ್ಲಿ ಅಲ್ಲ, ಬೇರೆಯವರ ಬಟ್ಟೆಯಲ್ಲಿ. ಅಡುಗೆಯವನೋ ದರ್ಜಿಯೋ ಆಗಿ ನಿಂತಾಗ ಮಾತಾಡದಿದ್ದರೆ ಅನುಮಾನ ಬರುತ್ತೆ, ಹಾಗಾಗಿ ಮಾತಾಡುತ್ತಾನೆ. ಎದುರಿನವನಿಗೆ ಮರ್ಯಾದೆಯ ಮಾತಿನ ಹಾಗೆ ಕೇಳುತ್ತೆ, ನಮಗೆ ಅದರೊಳಗಿನ ವಿಷ ಗೊತ್ತಾಗುತ್ತೆ. 2018ರ ಭಾಗದಲ್ಲಿ ಮುಂಬೈಯ ಮಿಷನ್ ಇದೆ, ಸಿನಿಮಾ ನಿರ್ಮಾಪಕನೊಬ್ಬನನ್ನು ಮುಗಿಸಬೇಕು. ಆ ಜನಸಂದಣಿಯ ಗಲ್ಲಿಗಳಲ್ಲಿ ಬೋಳುತಲೆಯ ಈ ಬಿಳಿಯನನ್ನು ಯಾರೂ ಗುರುತು ಹಿಡಿಯುವುದಿಲ್ಲ ಅನ್ನುವುದನ್ನು ಮಾತ್ರ ನಂಬಲು ಕಷ್ಟ.

ಈಗ ಡಿಸ್‌ಆನರ್ಡ್‌ಗೆ ಬರುತ್ತೇನೆ. ಈ ಚರ್ಚೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಡನ್‌ವಾಲ್ ಅಂತ ಒಂದು ಊರು, ಪ್ಲೇಗ್ ಬಂದು ಇಲಿಗಳು ತುಂಬಿಕೊಂಡಿವೆ. ಮಹಾರಾಣಿಯ ಅಂಗರಕ್ಷಕ ಕಾರ್ವೋ. ಅವನ ಕಣ್ಣೆದುರಿಗೇ ಮಹಾರಾಣಿಯನ್ನು ಕೊಲ್ಲುತ್ತಾರೆ, ಆರೋಪ ಅವನ ಮೇಲೇ ಬರುತ್ತೆ. ಜೈಲಿಂದ ತಪ್ಪಿಸಿಕೊಂಡು ಮುಖವಾಡ ಹಾಕಿಕೊಂಡು ಒಬ್ಬೊಬ್ಬರನ್ನೇ ಹುಡುಕಿ ಹೋಗುತ್ತಾನೆ. ಅವನು ಏನು ಯೋಚಿಸುತ್ತಾನೆ ಅಂತ ಆಟ ಒಮ್ಮೆಯೂ ಹೇಳುವುದಿಲ್ಲ. ಬದಲಿಗೆ ನೀವು ಮಾಡಿದ್ದನ್ನು ಊರು ಹೇಳುತ್ತೆ. ಸಿಕ್ಕವರನ್ನೆಲ್ಲ ಕೊಂದರೆ ಇಲಿಗಳು ಜಾಸ್ತಿಯಾಗುತ್ತವೆ, ರೋಗಿಗಳು ಜಾಸ್ತಿಯಾಗುತ್ತಾರೆ, ಮಹಾರಾಣಿಯ ಮಗಳು ಎಮಿಲಿ ಬಿಡಿಸುವ ಚಿತ್ರಗಳು ಕೂಡ ಕಪ್ಪಾಗುತ್ತಾ ಹೋಗುತ್ತವೆ. ಸ್ಯಾಮುಯೆಲ್ ಅಂತ ಒಬ್ಬ ಅಂಬಿಗ ಇದ್ದಾನೆ, ಪ್ರತಿ ಮಿಷನ್ನಿಗೂ ದೋಣಿಯಲ್ಲಿ ಕರೆದುಕೊಂಡು ಹೋಗಿ ಬಿಡುವವನು, ಒಳ್ಳೆ ಮನುಷ್ಯ. ನೀವು ರಕ್ತ ಹರಿಸುತ್ತಾ ಬಂದಿದ್ದರೆ ಕೊನೆಯ ದ್ವೀಪಕ್ಕೆ ಬಿಟ್ಟ ಮೇಲೆ, ನಿನ್ನಂಥವನನ್ನು ನೋಡಲು ಆಗುವುದಿಲ್ಲ ಅನ್ನುವ ಧಾಟಿಯಲ್ಲಿ ನಾಲ್ಕು ಮಾತು ಹೇಳಿ, ಪಿಸ್ತೂಲು ಎತ್ತಿ ಗಾಳಿಯಲ್ಲಿ ಗುಂಡು ಹಾರಿಸುತ್ತಾನೆ. ದ್ವೀಪದ ಕಾವಲುಗಾರರೆಲ್ಲ ಎಚ್ಚರವಾಗುತ್ತಾರೆ. ಸ್ಟೆಲ್ತ್ ಆಟದಲ್ಲಿ ಒಬ್ಬ ಗೆಳೆಯ ಕೊಡಬಹುದಾದ ಅತಿ ದೊಡ್ಡ ಶಿಕ್ಷೆ ಅದು, ಒಂದು ಸದ್ದು. ಆಗ ಕಾರ್ವೋ ಏನಾದರೂ ಸಮಜಾಯಿಷಿ ಹೇಳಿದ್ದರೆ ನಮಗೆ ನಾಚಿಕೆ ಆಗುತ್ತಿರಲಿಲ್ಲ, ಅವನಿಗೆ ಆಗುತ್ತಿತ್ತು. ಅವನು ಸುಮ್ಮನಿದ್ದಿದ್ದಕ್ಕೆ ಗುಂಡಿನ ಸದ್ದು ನೇರವಾಗಿ ನಮ್ಮ ಮೇಲೆ ಬಿತ್ತು.

ಅದೇ ಊರು, ಅದೇ ಕಂಪನಿ, ಅದೇ ಕಾಲದ ಕಥೆ ಇಟ್ಟುಕೊಂಡು 2013ರಲ್ಲಿ ನೈಫ್ ಆಫ್ ಡನ್‌ವಾಲ್ ಅನ್ನುವ ಹೆಚ್ಚುವರಿ ಭಾಗ ಬಿಟ್ಟರು. ಅದರಲ್ಲಿ ನಾಯಕ ಡೌಡ್, ಅಂದರೆ ಮಹಾರಾಣಿಯನ್ನು ಕೊಂದ ಅದೇ ಬಾಡಿಗೆ ಹಂತಕ. ಇವನು ಮಾತಾಡುತ್ತಾನೆ, ಮೈಕಲ್ ಮ್ಯಾಡ್ಸನ್ ಧ್ವನಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ಮಾಯಾಶಕ್ತಿ ಇಬ್ಬರಿಗೂ ಇದೆ, ಓಡಾಡುವ ಕೊಳಕು ಬೀದಿಗಳೂ ಒಂದೇ ಥರ, ಬಾಯಿ ಮಾತ್ರ ಒಬ್ಬನಿಗಿದೆ ಒಬ್ಬನಿಗಿಲ್ಲ. ಹೋಲಿಸಿ ನೋಡಬೇಕು ಅನ್ನುವವರಿಗೆ ಹೇಳಿ ಮಾಡಿಸಿದ ಹಾಗಿದೆ. ನನಗೆ ಎರಡೂ ಸರಿ ಅನ್ನಿಸಿತು, ಯಾಕೆಂದರೆ ಕಾರ್ವೋನ ಕಥೆ ಹೊರಗೆ ನಡೆಯುತ್ತೆ, ಡೌಡ್‌ನ ಕಥೆ ಅವನ ತಲೆಯೊಳಗೆ. ಆ ಕೊಲೆ ಆದ ಮೇಲೆ ಅವನಿಗೆ ಸಮಾಧಾನ ಇಲ್ಲ, ಅದು ಅವನ ಬಾಯಿಂದಲೇ ಬರಬೇಕು. ಸುಮ್ಮನಿದ್ದರೆ ಅವನೂ ಇನ್ನೊಬ್ಬ ಕೊಲೆಗಡುಕ ಅಷ್ಟೇ ಆಗುತ್ತಿದ್ದ. ಧ್ವನಿ ಕೇಳುವುದು ಅವನ ಒಳಗಿನ ತಕರಾರು ಕೇಳುವವರಿಗೆ, ಅಂದರೆ ನಮಗೆ. ಬೀದಿಯ ಕಾವಲುಗಾರನಿಗೆ ಅದರಲ್ಲಿ ಪಾಲಿಲ್ಲ.

ಕಾರ್ವೋನ ಮೌನದಲ್ಲೂ ಒಂದು ಹುಳುಕಿದೆ, ಅದನ್ನೂ ಹೇಳಿಬಿಡುತ್ತೇನೆ. ಮಿಷನ್ ಮುಗಿಸಿ ಅವನು ಬಂದು ತಂಗುವುದು ನದಿ ದಡದ ಒಂದು ಹೆಂಡದಂಗಡಿಯಲ್ಲಿ. ಅಲ್ಲಿ ಎಲ್ಲರೂ ನಮ್ಮವರೇ. ಎಮಿಲಿ ಓಡಿ ಬಂದು ಮಾತಾಡಿಸುತ್ತಾಳೆ, ಅವಳ ಚಿತ್ರವೊಂದರಲ್ಲಿ ಕಾರ್ವೋನನ್ನು ಬಿಡಿಸಿ ಅಪ್ಪ ಅಂತ ಬರೆದಿದ್ದಾಳೆ. ಅಮ್ಮನನ್ನು ಕಳೆದುಕೊಂಡ ಮಗು ಬಂದು ಎದುರಿಗೆ ನಿಂತರೆ ಈ ಮನುಷ್ಯ ಗೂಟದ ಹಾಗೆ ನಿಲ್ಲುತ್ತಾನೆ. ಅಲ್ಲಿ ಕಾವಲುಗಾರ ಇಲ್ಲ, ಅಡಗುವ ಕೆಲಸ ಇಲ್ಲ, ಕೇಳಲು ಒಂದು ಮಗು ಕಾದಿದೆ. ಅಲ್ಲಿ ಮಾತಾಡಬೇಕಿತ್ತು. 2016ರ ಎರಡನೇ ಭಾಗದಲ್ಲಿ ಕಾರ್ವೋಗೆ ಬಾಯಿ ಬಂತು. ಕೊಟ್ಟವರು ಯಾರು ಗೊತ್ತಾ? ಗ್ಯಾರೆಟ್‌ಗೆ ಧ್ವನಿ ಕೊಟ್ಟ ಅದೇ ಸ್ಟೀಫನ್ ರಸಲ್. ಬೆಳೆದು ಮಹಾರಾಣಿಯಾದ ಎಮಿಲಿಯಾಗಿಯೂ ಆಡಬಹುದು, ಅವಳಿಗೂ ಧ್ವನಿ ಇದೆ. ಎಮಿಲಿಯ ಮಾತು ನನಗೆ ಇಷ್ಟವಾಯಿತು. ಅರಮನೆಯಲ್ಲಿ ಬೆಳೆದವಳು ಮೊದಲ ಸಲ ಬೀದಿಯ ಬಡತನ ನೋಡುತ್ತಾಳೆ, ನೋಡಿದ್ದಕ್ಕೆ ಏನಾದರೂ ಅನ್ನಿಸಲೇಬೇಕು. ಕಾರ್ವೋನ ಮಾತು ಅಷ್ಟು ಬೇಕಿತ್ತಾ ಅಂದರೆ, ಬೇಡವಾಗಿತ್ತು. ನಮ್ಮ ಕಣ್ಣಿಗೆ ಕಾಣುವುದನ್ನೇ ಅವನು ಮತ್ತೆ ಹೇಳುತ್ತಾನೆ. ಮೌನ ಬೇಕಿದ್ದ ಮಿಷನ್ನಿನಲ್ಲಿ ಮಾತು ತುಂಬಿದರು, ಮಾತು ಬೇಕಿದ್ದ ಆ ಹೆಂಡದಂಗಡಿಯ ಕಾಲ ಆಗಲೇ ಮುಗಿದುಹೋಗಿತ್ತು.

ಮಾತಾಡುತ್ತಿದ್ದವನ ಬಾಯಿ ಮುಚ್ಚಿಸಿದರೂ ಜನ ಸುಮ್ಮನಿರುವುದಿಲ್ಲ. 2015ರ ಮೆಟಲ್ ಗೇರ್ ಸಾಲಿಡ್ ಐದನೇ ಭಾಗಕ್ಕೆ ಸ್ನೇಕ್‌ಗೆ ಹಿಂದೆ ಧ್ವನಿ ಕೊಡುತ್ತಿದ್ದ ಡೇವಿಡ್ ಹೇಟರ್ ಬದಲು ಕೀಫರ್ ಸದರ್ಲೆಂಡ್ ಬಂದರು, ದೊಡ್ಡ ಹೆಸರು. ಆದರೆ ಸ್ನೇಕ್ ಮಾತಾಡುವುದೇ ಕಮ್ಮಿ ಆಯಿತು, ಕಥೆಯೆಲ್ಲ ಆಟದೊಳಗೆ ಹಾಕಿಕೊಂಡು ಕೇಳುವ ಕ್ಯಾಸೆಟ್ಟಿಗೆ ಹೋಯಿತು. ಎದುರಿನವರು ಮಾತಾಡುತ್ತಲೇ ಇರುತ್ತಾರೆ, ಇವನು ನೋಡುತ್ತಾ ನಿಂತಿರುತ್ತಾನೆ. ಅದಕ್ಕೆ ಕೊನೆಯಲ್ಲಿ ಒಂದು ಕಾರಣ ಹೊಳೆಯುತ್ತೆ, ಆಡದವರಿಗೆ ಹೇಳಿ ಕೆಡಿಸುವುದಿಲ್ಲ. ಆದರೂ ಅಷ್ಟು ದೂರ ಕಾಯಿಸಬಾರದಿತ್ತು.

ಜೊತೆಯಲ್ಲಿ ಇನ್ನೊಬ್ಬರಿದ್ದರೆ ಲೆಕ್ಕ ಬೇರೆಯೇ ಆಗುತ್ತೆ. 2019ರ ಎ ಪ್ಲೇಗ್ ಟೇಲ್‌ನಲ್ಲಿ ಅಕ್ಕ ಅಮಿಸಿಯಾ ಪುಟ್ಟ ತಮ್ಮ ಹ್ಯೂಗೋನ ಕೈ ಹಿಡಿದುಕೊಂಡು 14ನೇ ಶತಮಾನದ ಫ್ರಾನ್ಸ್‌ನಲ್ಲಿ ಸೈನಿಕರಿಂದ, ಇಲಿಗಳಿಂದ ತಪ್ಪಿಸಿಕೊಂಡು ಓಡುತ್ತಾಳೆ. ಅಕ್ಕ ತಮ್ಮ ಪಿಸುಪಿಸು ಮಾತಾಡುತ್ತಲೇ ಇರುತ್ತಾರೆ. ತಮ್ಮನನ್ನು ಒಂಟಿಯಾಗಿ ಬಿಟ್ಟು ತುಂಬಾ ದೂರ ಹೋದರೆ ಅವನು ಹೆದರಿ ಕೂಗಿಕೊಳ್ಳುತ್ತಾನೆ. ಹಾಗಾಗಿ ಆ ಪಿಸುಮಾತು ಕಿವಿಗೆ ಭಾರ ಅನ್ನಿಸುವುದಿಲ್ಲ, ಮಗು ಸಮಾಧಾನವಾಗಿದೆ ಅನ್ನುವ ಸುದ್ದಿ ಅದರಲ್ಲಿರುತ್ತೆ. ದಿ ಲಾಸ್ಟ್ ಆಫ್ ಅಸ್ ಎಷ್ಟೇ ದೊಡ್ಡ ಆಟವಾದರೂ ಇಲ್ಲಿ ಜಾರಿತು. ಎಲ್ಲಿ ಶತ್ರುವಿನ ಮೂಗಿನ ಕೆಳಗೇ ಓಡಾಡಿದರೂ ಅವನಿಗೆ ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ. ಎಲ್ಲಿ ಅಂದರೆ ನಾಯಕನ ಜೊತೆಗಿರುವ ಹುಡುಗಿಯ ಹೆಸರು, ಪ್ರೂಫ್ ನೋಡುವವರು ತಿದ್ದಬೇಡಿ!

ಸದ್ದು ಮಾಡುವುದನ್ನೇ ಆಟ ಮಾಡಿದ್ದೂ ಇದೆ. ಮನೆಯಲ್ಲಿ ಮಕ್ಕಳಿದ್ದರೆ 2019ರ ಅನ್‌ಟೈಟಲ್ಡ್ ಗೂಸ್ ಗೇಮ್ ಹಾಕಿಕೊಡಿ. ನಾಯಕ ಒಂದು ಹೆಬ್ಬಾತು. ಹಳ್ಳಿಯವರ ತೋಟಕ್ಕೆ ಸದ್ದಿಲ್ಲದೆ ನುಗ್ಗಿ ತರಕಾರಿ ಕದಿಯುವುದು, ತೋಟದವನ ಕೀಲಿ ಎಗರಿಸುವುದು ಅದರ ಕೆಲಸ. ಮಾತು ಬರುವುದಿಲ್ಲ, ಆದರೆ ಹಾಂಕ್ ಅಂತ ಕೂಗಲು ಅಂತಲೇ ಒಂದು ಬಟನ್ ಇದೆ. ಹಿಂದಿನಿಂದ ಹೋಗಿ ಸರಿಯಾದ ಹೊತ್ತಿಗೆ ಒತ್ತಿದರೆ ಎದುರಿನವನು ಬೆಚ್ಚಿಬಿದ್ದು ಕೈಯಲ್ಲಿದ್ದದ್ದನ್ನು ಕೆಳಗೆ ಹಾಕುತ್ತಾನೆ. ಯಾವಾಗ ಬಾಯಿ ಬಿಡಬೇಕು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿ. ಮಾತಾಡುವ ನಾಯಕರಲ್ಲಿ ನನಗೆ ಕೊರತೆ ಅನ್ನಿಸುವುದು ಇದೇ, ಅವರು ತಮಗೆ ತೋಚಿದಾಗ ಮಾತಾಡುತ್ತಾರೆ. ಇದರ ಉಲ್ಟಾ 2014ರ ಏಲಿಯನ್ ಐಸೋಲೇಶನ್. ಮೈಕ್ ಜೋಡಿಸಿ ಆ ಆಯ್ಕೆ ಆನ್ ಮಾಡಿದರೆ ನಿಮ್ಮ ಕೋಣೆಯ ಸದ್ದು ಆಟದೊಳಗಿನ ರಾಕ್ಷಸನಿಗೆ ಕೇಳುತ್ತೆ. ನೀವು ಕಪಾಟಿನಲ್ಲಿ ಅಡಗಿ ಕೂತಾಗ ಅಮ್ಮ ಅಡುಗೆಮನೆಯಿಂದ, ಏ ರೊಟ್ಟಿ ಆರ್ತಾ ಇದೆ ಬಾರೋ ಅಂತ ಕೂಗಿದರೆ ಮುಗೀತು.

ನಮ್ಮ ದಾವಣಗೆರೆಯಲ್ಲಿ ನನ್ನ ವಯಸ್ಸಿನವರು ಈ ಥರದ ಆಟ ಕಲಿತಿದ್ದು ಸೈಬರ್ ಕೆಫೆಗಳಲ್ಲಿ, ಹೆಚ್ಚಾಗಿ ಪ್ರಾಜೆಕ್ಟ್ ಐಜಿಐ. 2000ದಲ್ಲಿ ಬಂದ ಆಟ, ಇಲ್ಲಿ ವರ್ಷಗಟ್ಟಲೆ ಓಡಿತು. ಸೈಬರಿನವರು ಸ್ಪೀಕರ್ ತೆಗೆದಿಟ್ಟಿರುತ್ತಿದ್ದರು, ಹೆಡ್‌ಫೋನ್ ಇದ್ದರೂ ಒಂದು ಕಿವಿ ಸತ್ತಿರುತ್ತಿತ್ತು. ಹಾಗಾಗಿ ಅದರ ನಾಯಕ ಡೇವಿಡ್ ಜೋನ್ಸ್‌ಗೆ ಧ್ವನಿ ಇದೆ ಅನ್ನುವುದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಮಿಷನ್ ನಡುವೆ ಸೇವ್ ಮಾಡುವ ಹಾಗಿರಲಿಲ್ಲ, ಕರೆಂಟ್ ಹೋದರೆ ಮತ್ತೆ ಮೊದಲಿಂದ. ಯಾವ ಕ್ಯಾಮೆರಾ ಎಲ್ಲಿದೆ, ಯಾವ ಗೋಪುರದಲ್ಲಿ ಯಾರಿದ್ದಾರೆ ಅಂತ ಬಾಯಿಪಾಠ ಆಗಿತ್ತು. ಆದರೆ ಕೇಳಿಸದೇ ಹೋಗಿದ್ದರಿಂದ ಒಂದು ಲಾಭವೂ ಇತ್ತು ಅಂತ ಈಗ ಅನ್ನಿಸುತ್ತೆ. ಜೋನ್ಸ್ ನಮ್ಮವನಾಗಿದ್ದ. ಪಕ್ಕದ ಸೀಟಿನವನು ಅವನ ಪರವಾಗಿ ಕನ್ನಡದಲ್ಲೇ ಬೈಯುತ್ತಿದ್ದ, ಲೇ ಹಿಂದ್ ನೋಡಲೇ ಅಂತ ಎಚ್ಚರಿಸುತ್ತಿದ್ದ. ನಾನು ಆಡಿದ ಯಾವ ದೊಡ್ಡ ಆಟದ ನಾಯಕನೂ ಕನ್ನಡ ಮಾತಾಡಿಲ್ಲ. ಬಾಯಿ ತೆರೆದ ಕೂಡಲೇ ಅವನು ಅಮೆರಿಕದವನೋ ಇಂಗ್ಲೆಂಡಿನವನೋ ಆಗಿಬಿಡುತ್ತಾನೆ. ಬಾಯಿ ಮುಚ್ಚಿಕೊಂಡಿದ್ದರೆ ಹರಿಹರದವನೂ ಆಗಬಹುದು, ಹೊಸದುರ್ಗದವನೂ ಆಗಬಹುದು. ಧ್ವನಿ ಇಲ್ಲದ ನಾಯಕನನ್ನು ಹಳೆ ಕಾಲದ ಬಡತನ ಅಂದ ಲೇಖಕರು ಈ ಕಡೆಯಿಂದಲೂ ಒಮ್ಮೆ ನೋಡಲಿ.

ಹೋಗಲಿ, ನಮ್ಮದೇ ಆಟ ಮಾಡಿದರೆ? ದುರ್ಗದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, 1997ರವರೆಗೆ ನಾವೂ ಅದೇ ಜಿಲ್ಲೆಯವರು, ಹಾಗಾಗಿ ನನಗೂ ಸ್ವಲ್ಪ ಹಕ್ಕಿದೆ. ಓಬವ್ವನ ಕಥೆ ಶುದ್ಧ ಸ್ಟೆಲ್ತ್ ಕಥೆ. ಕಾವಲಿಗಿದ್ದ ಗಂಡ ಊಟಕ್ಕೆ ಬಂದಿದ್ದಾನೆ, ಅವಳು ನೀರಿಗೆ ಹೋಗುತ್ತಾಳೆ, ಬಂಡೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳಿ ಬರುವುದು ಕಾಣುತ್ತೆ. ಒಬ್ಬನ ತಲೆ ಹೊರಗೆ ಬಂದರೆ ಒನಕೆಯಿಂದ ಒಂದು ಏಟು, ಹೆಣವನ್ನು ಪಕ್ಕಕ್ಕೆ ಎಳೆಯುವುದು, ಮುಂದಿನವನಿಗೆ ಕಾಯುವುದು. ಹೆಣ ಬಚ್ಚಿಡುವುದು ಹಿಟ್‌ಮ್ಯಾನ್ ಆಡುವವರಿಗೆಲ್ಲ ಗೊತ್ತಿರುವ ಮೊದಲ ಪಾಠ, ನಮ್ಮ ಓಬವ್ವ ಅದನ್ನು ಯಾವತ್ತೋ ಮಾಡಿ ತೋರಿಸಿದ್ದಾಳೆ. ಆದರೆ ಶಾಲೆಯ ವಾರ್ಷಿಕೋತ್ಸವದ ನಾಟಕಗಳಲ್ಲಿ ನೋಡಿದ್ದೀರಲ್ಲ, ಒಂದೊಂದು ಏಟಿಗೂ ಒಂದೊಂದು ಉದ್ದನೆಯ ಡೈಲಾಗ್, ಮೈಕ್ ಹರಿಯುವ ಹಾಗೆ ಆರ್ಭಟ. ಜನ ಶಿಳ್ಳೆ ಹೊಡೆಯುತ್ತಾರೆ, ನಾನೂ ಹೊಡೆದಿದ್ದೇನೆ. ಕಿಂಡಿಯ ಒಳಗೆ ಸಾಲಾಗಿ ತೆವಳುತ್ತಿರುವವರಿಗೆ ಕಿವಿ ಇಲ್ಲವಾ ಅಂತ ಯಾರೂ ಕೇಳುವುದಿಲ್ಲ. ಅವಳು ಒಂದು ಸಲ ಕೂಗಿದ್ದರೂ ಉಳಿದವರು ಹಿಂದಕ್ಕೆ ಸರಿದು ಇನ್ನೊಂದು ದಾರಿ ಹುಡುಕುತ್ತಿದ್ದರು. ಗಂಡನ ಕೈಯಲ್ಲಿ ಕಹಳೆ ಇದೆ, ಕರೆಯಬಹುದಿತ್ತು, ಕರೆಯಲಿಲ್ಲ.

ಯಾರಾದರೂ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಈ ಆಟ ಮಾಡುವುದಾದರೆ ನನ್ನದೊಂದು ಬೇಡಿಕೆ. ಮನೆಯಲ್ಲಿ ಗಂಡನಿಗೆ ಬಡಿಸುವಾಗ ಓಬವ್ವ ಬೇಕಾದಷ್ಟು ಮಾತಾಡಲಿ, ಅದೂ ದುರ್ಗದ ಕನ್ನಡದಲ್ಲಿ. ಉಪ್ಪು ಕಮ್ಮಿ ಆಯ್ತಾ ಅಂತ ಕೇಳಲಿ, ನೀರು ಖಾಲಿ ಆಗಿದೆ ಅಂತ ಬೈದುಕೊಳ್ಳಲಿ. ಕೋಟೆಯ ಕಾವಲುಗಾರರು ಮಳೆ ಬೆಳೆ ಅಂತ ಹರಟೆ ಹೊಡೆಯಲಿ. ಕಿಂಡಿಯ ಹತ್ತಿರ ಹೋದ ಮೇಲೆ ಅವಳಿಗೆ ಒಂದು ಡೈಲಾಗೂ ಬೇಡ. ಒಳಗಿನವರ ಪಿಸುಮಾತು, ಬಂಡೆಗೆ ಉಜ್ಜುವ ಬಟ್ಟೆಯ ಸದ್ದು, ಅವಳ ಉಸಿರು, ಅಷ್ಟು ಕೇಳಿದರೆ ಸಾಕು. ಜೊತೆಗೆ ಕೂಗುವುದಕ್ಕೆ ಒಂದು ಬಟನ್ ಇರಲಿ, ಹೆಬ್ಬಾತಿನ ಆಟದಲ್ಲಿ ಇರುವ ಹಾಗೆ. ಯಾವಾಗ ಬೇಕಾದರೂ ಒತ್ತಬಹುದು. ಒತ್ತಿದರೆ ಗಂಡ ಬರುತ್ತಾನೆ, ಕಹಳೆ ಮೊಳಗುತ್ತೆ, ಕೋಟೆ ಎಚ್ಚರವಾಗುತ್ತೆ, ಕಿಂಡಿಯೊಳಗಿನವರು ಮಾತ್ರ ಕೈ ತಪ್ಪಿ ಹೋಗುತ್ತಾರೆ.

ಲೇಖಕರಿಗೆ ಒಂದು ವಿನಂತಿ. ಮೊದಲು ಡಿಸ್‌ಆನರ್ಡ್ ಆಡಿ, ಅದು ಮುಗಿದ ಮೇಲೆ ನೈಫ್ ಆಫ್ ಡನ್‌ವಾಲ್ ಆಡಿ. ಹಳೆಯ ಆಟ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತೆ, ಸೇಲ್ ಬಂದಾಗ ಎರಡೂ ಸೇರಿ ಕಡಿಮೆ ದುಡ್ಡಿಗೆ ಸಿಗುತ್ತವೆ. ಹೆಡ್‌ಫೋನ್ ಹಾಕಿಕೊಂಡು ಆಡಿ. ಆಮೇಲೂ ಕಾರ್ವೋಗೆ ಧ್ವನಿ ಬೇಕಿತ್ತು ಅನ್ನಿಸಿದರೆ, ಯಾವ ಮಿಷನ್ನಿನಲ್ಲಿ ಯಾವ ಜಾಗದಲ್ಲಿ ಬೇಕಿತ್ತು ಅಂತ ಇದೇ ಪುರವಣಿಯಲ್ಲಿ ಬರೆಯಿರಿ. ಹೆಂಡದಂಗಡಿ ಅಂದರೆ ನಾನು ಈಗಲೇ ಒಪ್ಪಿಕೊಂಡಿದ್ದೇನೆ, ಅದು ಬಿಟ್ಟು ಬೇರೆ ಹೇಳಿ.

ಇಂತಿ,
ನಿಮ್ಮ ಓದುಗ,
ವಿದ್ಯಾನಗರ, ದಾವಣಗೆರೆ